ಫ್ರೇಮ್‌ವರ್ಕ್ ಆರಿಸುವ ಮುಂಚೆ ಕಷ್ಟದ ಸ್ಕ್ರೀನ್ ಕಟ್ಟಿ ನೋಡಿ

ಹಳ್ಳಿ ಹುಡುಕುವ ಸ್ಕ್ರೀನ್ ಬರುವ ತನಕ ಡೆಮೊ ಚೆನ್ನಾಗಿಯೇ ನಡೆದಿತ್ತು. ಸರ್ವೆಗೆ ಹೋಗುವ ಸಿಬ್ಬಂದಿಯೊಬ್ಬರು ತಮ್ಮದೇ ಆಂಡ್ರಾಯ್ಡ್ ಫೋನ್ ತೆಗೆದು, ಜಿಬೋರ್ಡ್‌ನಲ್ಲಿ ಹಳ್ಳಿಯ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರು. ಬಾಕ್ಸ್‌ನಲ್ಲಿ ಅಕ್ಷರ ಬರುತ್ತಿದೆ, ಕೆಳಗಿನ ಪಟ್ಟಿ ಮಾತ್ರ ಅಲ್ಲಾಡುತ್ತಿಲ್ಲ. ಹೆಸರು ಪೂರ್ತಿ ಬರೆದರೂ ಇಲ್ಲ. ‘ನೆಟ್‌ವರ್ಕ್ ಇರಬೇಕು ಸರ್’ ಅಂತ ಯಾರೋ ಅಂದರು. ಡೇಟಾ ಕಳಿಸುವ ಎಪಿಐ ಕಡೆಯವರು ಲಾಗ್ ತೆಗೆದರೆ ರಿಕ್ವೆಸ್ಟೇ ಬಂದಿಲ್ಲ. ಅದೇ ಬಿಲ್ಡ್ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುತ್ತಿದೆ. ರೂಮಿನಲ್ಲಿ ಯಾರೂ ಮಾತಾಡುತ್ತಿಲ್ಲ. ಕೊನೆಗೆ ಆ ಸಿಬ್ಬಂದಿ ಸುಮ್ಮನೆ ಸ್ಪೇಸ್ ಒತ್ತಿದರು, ಪಟ್ಟಿ ದಡಕ್ಕನೆ ಬಂತು. ಅಷ್ಟರೊಳಗೆ ಕ್ಲೈಂಟ್ ಕಡೆಯ ಹಿರಿಯರೊಬ್ಬರು ‘ಇದನ್ನ ಹಳ್ಳೀಲಿ ಯಾರು ಬಳಸ್ತಾರೆ?’ ಅಂತ ಕೇಳಿಯಾಗಿತ್ತು.

ಕಾರಣ ಸಣ್ಣದು. ಜಿಬೋರ್ಡ್‌ನಂಥ ಕೀಬೋರ್ಡ್ ಪದ ಮುಗಿಯುವವರೆಗೂ ಅದನ್ನು ‘ಕಂಪೋಸಿಷನ್’ (ಇನ್ನೂ ಕಟ್ಟುತ್ತಿರುವ) ಸ್ಥಿತಿಯಲ್ಲೇ ಇಟ್ಟುಕೊಂಡಿರುತ್ತದೆ. ಸ್ಪೇಸ್ ಒತ್ತಿದಾಗ ಅಥವಾ ಮೇಲೆ ಬರುವ ಸಲಹೆಯನ್ನು ಮುಟ್ಟಿದಾಗ ಆ ಸ್ಥಿತಿ ಮುಗಿಯುತ್ತದೆ. ಆ ಆ್ಯಪ್ ಇದ್ದದ್ದು ವ್ಯೂನಲ್ಲಿ, ಅಂದರೆ ವೆಬ್ ಆ್ಯಪ್‌ನ ಸ್ಕ್ರೀನ್ ಕಟ್ಟಲು ಬಳಸುವ ಒಂದು ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ನಲ್ಲಿ. ಬಾಕ್ಸ್‌ನಲ್ಲಿ ಬರೆದದ್ದನ್ನು ಆ್ಯಪ್‌ನ ಡೇಟಾಕ್ಕೆ ಜೋಡಿಸುವ ವ್ಯೂನ ವಿ-ಮಾಡೆಲ್, ಕಂಪೋಸಿಷನ್ ನಡೆಯುವಾಗ ಬರುವ ಇನ್‌ಪುಟ್ ಇವೆಂಟ್‌ಗಳನ್ನು ಬೇಕೆಂದೇ ಬಿಟ್ಟುಬಿಡುತ್ತದೆ, ಮುಗಿದ ಮೇಲಷ್ಟೇ ವ್ಯಾಲ್ಯೂ ಬದಲಿಸುತ್ತದೆ. ಇದು ಬಗ್ ಅಲ್ಲ. ಚೀನೀ, ಜಪಾನೀ, ಕೊರಿಯನ್ ಟೈಪಿಂಗ್‌ಗೋಸ್ಕರ ಮಾಡಿದ ಏರ್ಪಾಡು, ಅವರ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದ್ದಾರೆ. ಪರಿಹಾರವೂ ಅಲ್ಲೇ ಇದೆ: ವಿ-ಮಾಡೆಲ್ ಬಿಟ್ಟು ವ್ಯಾಲ್ಯೂವನ್ನು ಬೈಂಡ್ ಮಾಡಿ, ಇನ್‌ಪುಟ್ ಇವೆಂಟನ್ನು ನೀವೇ ಕೇಳಿ. ಎರಡು ಸಾಲಿನ ಕೆಲಸ. ಆದರೆ ಬಾಕ್ಸ್ ಯುಐ ಲೈಬ್ರರಿಯದ್ದಾದರೆ (ಸಿದ್ಧ ಬಟನ್, ಬಾಕ್ಸ್‌ಗಳ ಸಂಗ್ರಹ) ಅದು ಒಳಗೆ ಏನು ಮಾಡಿದೆ ಅಂತ ಸೋರ್ಸ್ ತೆಗೆದು ನೋಡಬೇಕು. ಎರಡು ಸಾಲು ಎರಡು ದಿನವಾಗುವುದು ಅಲ್ಲಿ.

ಲ್ಯಾಪ್‌ಟಾಪ್‌ನಲ್ಲಿ ಇದು ಸಿಗದೇ ಹೋದದ್ದಕ್ಕೂ ಕಾರಣವಿದೆ. ಕ್ರೋಮ್‌ನ ಡಿವೈಸ್ ಮೋಡ್ ಸ್ಕ್ರೀನ್ ಅಳತೆ, ಟಚ್, ಯೂಸರ್ ಏಜೆಂಟ್ ಬದಲಿಸುತ್ತದೆ. ಕೀಬೋರ್ಡ್ ಲ್ಯಾಪ್‌ಟಾಪಿನದ್ದೇ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಲೇಔಟ್‌ನಲ್ಲಿ ಕನ್ನಡವನ್ನೇ ಟೈಪ್ ಮಾಡಿದರೂ ಒಂದೊಂದು ಕೀಗೂ ಅಕ್ಷರ ನೇರವಾಗಿ ಬಂದುಬಿಡುತ್ತದೆ, ಕಂಪೋಸಿಷನ್ ಎಂಬುದೇ ಇರುವುದಿಲ್ಲ. ಹಾಗಾಗಿ ಕ್ಯೂಎ (ಟೆಸ್ಟಿಂಗ್) ಪಾಸ್, ಫೋನ್‌ನಲ್ಲಿ ಫೇಲ್.

ಉಳಿದ ಫ್ರೇಮ್‌ವರ್ಕ್‌ಗಳು ಇದೇ ಜಾಗದಲ್ಲಿ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಆ್ಯಂಗ್ಯುಲರ್ ಡೆಸ್ಕ್‌ಟಾಪ್‌ನಲ್ಲಿ ಕಂಪೋಸಿಷನ್ ಮುಗಿಯುವವರೆಗೆ ಕಾಯುತ್ತದೆ, ಆಂಡ್ರಾಯ್ಡ್‌ನಲ್ಲಿ ಕಾಯುವುದಿಲ್ಲ. ರಿಯಾಕ್ಟ್‌ನ ಆನ್‌ಚೇಂಜ್ ಬಾಕ್ಸ್‌ನಲ್ಲಿ ಬರೆದದ್ದು ಬದಲಾದ ಪ್ರತಿ ಸಲವೂ ಓಡುತ್ತದೆ. ಆದರೆ ಅಲ್ಲಿ ಇನ್ನೊಂದು ತೊಡಕಿದೆ: ಆನ್‌ಚೇಂಜ್ ಒಳಗೇ ಅಂಕಿ ತೆಗೆಯುವುದು, ಟ್ರಿಮ್ ಮಾಡುವುದು ಅಂತ ವ್ಯಾಲ್ಯೂ ತಿದ್ದಿ ಸ್ಟೇಟ್‌ಗೆ (ಆ್ಯಪ್ ನೆನಪಿಟ್ಟುಕೊಳ್ಳುವ ಡೇಟಾಗೆ) ಹಾಕಿದರೆ, ಕೀಬೋರ್ಡ್ ಅರ್ಧ ಕಟ್ಟಿದ ಪದ ಕೈತಪ್ಪಿ ಅಕ್ಷರಗಳು ಎರಡೆರಡು ಸಲ ಬೀಳಬಹುದು. ತಿದ್ದುವ ಕೆಲಸವನ್ನು ಬಾಕ್ಸ್ ಬಿಟ್ಟು ಹೋಗುವಾಗಿನ ಬ್ಲರ್‌ಗೋ ಕಂಪೋಸಿಷನ್ ಎಂಡ್‌ಗೋ ಬಿಡಬೇಕು. ‘ಮಿಕ್ಕಿದ್ದೆಲ್ಲ ಒಂದೇ, ಸಿಂಟ್ಯಾಕ್ಸ್ ಮಾತ್ರ ಬೇರೆ’ ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಆಯ್ಕೆಯ ಮೀಟಿಂಗ್‌ಗಳಲ್ಲಿ ಈ ಮಾತೇ ಬರುವುದಿಲ್ಲ ಅನ್ನುವುದು ನನ್ನ ತಕರಾರು. ಗಿಟ್‌ಹಬ್ ಸ್ಟಾರ್ ಎಷ್ಟು, ಬೆಂಚ್‌ಮಾರ್ಕ್‌ನಲ್ಲಿ ಸಾವಿರ ಸಾಲಿನ ಟೇಬಲ್ ಯಾವುದು ಬೇಗ ಬರೆಯುತ್ತದೆ, ದೊಡ್ಡ ಕಂಪನಿಗಳು ಯಾವುದನ್ನು ಬಳಸುತ್ತವೆ ಅಂತ ಸ್ಲೈಡ್ ಬರುತ್ತದೆ. ಪಿಓಸಿ (ಪರೀಕ್ಷೆಗೆಂದು ಕಟ್ಟುವ ಮಾದರಿ) ಅಂದರೆ ಲಾಗಿನ್ ಪೇಜು, ಒಂದು ಡ್ಯಾಶ್‌ಬೋರ್ಡು. ಆ ಎರಡನ್ನು ಯಾವ ಫ್ರೇಮ್‌ವರ್ಕ್‌ನಲ್ಲಿ ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದು. ಅದರಿಂದ ತಿಳಿಯುವುದು ಏನೂ ಇಲ್ಲ.

ಪಿಓಸಿಗೆ ಆ್ಯಪ್‌ನ ಅತಿ ಕಷ್ಟದ ಸ್ಕ್ರೀನನ್ನೇ ತೆಗೆದುಕೊಳ್ಳಿ. ಸರ್ವೆ ಆ್ಯಪ್ ಆದರೆ ಅದು ಎಂಬತ್ತು ಫೀಲ್ಡಿನ ಫಾರ್ಮ್: ಕುಟುಂಬದ ಸದಸ್ಯರನ್ನು ಸೇರಿಸುತ್ತ ಹೋಗುವ ಸಾಲುಗಳು, ಒಂದು ಉತ್ತರಕ್ಕೆ ತಕ್ಕಂತೆ ತೆರೆದುಕೊಳ್ಳುವ ಇನ್ನೊಂದು ಭಾಗ, ಫೋಟೊ, ಅರ್ಧಕ್ಕೆ ಬಿಟ್ಟರೆ ಡ್ರಾಫ್ಟ್. ಇದನ್ನೇ ಎರಡು ಫ್ರೇಮ್‌ವರ್ಕ್‌ಗಳಲ್ಲಿ, ಮೂರು ಮೂರು ದಿನ ಕೊಟ್ಟು ಕಟ್ಟಿಸಿ. ಮೂರಕ್ಕಿಂತ ಹೆಚ್ಚು ಫ್ರೇಮ್‌ವರ್ಕ್ ಪಟ್ಟಿಗೆ ಬಂದರೆ ಯಾವುದನ್ನೂ ಆಳವಾಗಿ ನೋಡಲು ಆಗುವುದಿಲ್ಲ. ನಂತರ ಕಡಿಮೆ ಬೆಲೆಯ ಒಂದು ಹಳೆ ಫೋನನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ, ಕ್ರೋಮ್‌ನ ಇನ್‌ಸ್ಪೆಕ್ಟ್ ಪೇಜ್‌ನಿಂದ ಪರ್ಫಾರ್ಮೆನ್ಸ್ ರೆಕಾರ್ಡ್ ಮಾಡಿ. ಫೋನ್ ಇಲ್ಲದಿದ್ದರೆ ಸಿಪಿಯು ಥ್ರಾಟಲಿಂಗ್ (ಲ್ಯಾಪ್‌ಟಾಪನ್ನು ಬೇಕೆಂದೇ ನಿಧಾನ ಮಾಡುವುದು) 6 ಪಟ್ಟು ಇಡಿ, ಆದರೂ ಫೋನೇ ಮೇಲು.

ನೋಡಬೇಕಾದ ಅಳತೆ ಐಎನ್‌ಪಿ: ಮುಟ್ಟಿದ ಅಥವಾ ಕೀ ಒತ್ತಿದ ಮೇಲೆ ಸ್ಕ್ರೀನ್ ಬದಲಾಗಲು ಹಿಡಿಯುವ ಸಮಯ. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನು ಎಫ್‌ಐಡಿ ಎಂಬ ಹಳೆಯ ಅಳತೆಯ ಜಾಗಕ್ಕೆ ತಂದಿತು. 200 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು, 500 ದಾಟಿದರೆ ಕೆಟ್ಟದ್ದು. ರಿಯಾಕ್ಟ್‌ನಲ್ಲಿ ಇಡೀ ಫಾರ್ಮ್‌ನ ಡೇಟಾವನ್ನು ಮೇಲಿನ ಕಾಂಪೊನೆಂಟ್‌ನ (ಸ್ಕ್ರೀನಿನ ತುಂಡು) ಒಂದೇ ಸ್ಟೇಟ್‌ನಲ್ಲಿ ಇಟ್ಟರೆ, ಒಂದು ಅಕ್ಷರ ಒತ್ತಿದಾಗ ಎಂಬತ್ತು ಫೀಲ್ಡೂ ಮತ್ತೆ ರೆಂಡರ್ ಆಗುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಗೊತ್ತಾಗುವುದಿಲ್ಲ, ಹಳೆ ಫೋನ್‌ನಲ್ಲಿ ಬೆರಳು ಮುಂದೆ ಅಕ್ಷರ ಹಿಂದೆ. ರಿಯಾಕ್ಟ್ ಹುಕ್ ಫಾರ್ಮ್ ಥರದ ಲೈಬ್ರರಿ ಇನ್‌ಪುಟ್‌ಗಳನ್ನು ಅನ್‌ಕಂಟ್ರೋಲ್ಡ್ ಆಗಿ, ಅಂದರೆ ಸ್ಟೇಟ್‌ಗೆ ಕಟ್ಟದೆ, ಇಡುವುದರಿಂದ ಇದು ತಪ್ಪುತ್ತದೆ. ವ್ಯೂನಲ್ಲೂ ಫಾರ್ಮ್ ಒಂದೇ ಕಾಂಪೊನೆಂಟ್ ಆದರೆ ಅಷ್ಟೂ ಮತ್ತೆ ಓಡುತ್ತದೆ, ವಿಭಾಗಗಳಾಗಿ ಒಡೆಯಬೇಕು. ಸಾಲಿಡ್, ಸ್ವೆಲ್ಟ್ 5 ಫ್ರೇಮ್‌ವರ್ಕ್‌ಗಳಲ್ಲಿ ಬದಲಾದ ಜಾಗವಷ್ಟೇ ಬದಲಾಗುತ್ತದೆ. ಈ ಸ್ಕ್ರೀನ್ ಮಟ್ಟಿಗೆ ಅದು ನಿಜವಾದ ಲಾಭ, ಆದರೆ ಅದೊಂದನ್ನೇ ನೋಡಿ ಆರಿಸಬಾರದು.

ಬಂಡಲ್ (ಬ್ರೌಸರ್‌ಗೆ ಇಳಿಯುವ ಕೋಡ್) ಗಾತ್ರಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ರಿಯಾಕ್ಟ್ 18 ಮತ್ತು ರಿಯಾಕ್ಟ್ ಡಾಮ್ ಸೇರಿ ಜಿಜಿಪ್‌ನಲ್ಲಿ ಕುಗ್ಗಿಸಿದ ಮೇಲೆ ಸುಮಾರು 45 ಕೆಬಿ. ಅದರ ಮೇಲೆ ಚಾರ್ಟ್ ಲೈಬ್ರರಿ, ಎಕ್ಸೆಲ್ ಎಕ್ಸ್‌ಪೋರ್ಟ್, ಎಲ್ಲ ಭಾಷೆಗಳ ಡೇಟಾ ಹೊತ್ತ ದಿನಾಂಕದ ಲೈಬ್ರರಿ ಪೇರಿಸಿದರೆ ಫ್ರೇಮ್‌ವರ್ಕ್ ತೂಕ ಲೆಕ್ಕಕ್ಕೇ ಬರುವುದಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಅಪ್‌ಗ್ರೇಡ್. ಆ್ಯಂಗ್ಯುಲರ್‌ನ ಹಳೆಯ ರೂಪ ಆ್ಯಂಗ್ಯುಲರ್‌ಜೆಎಸ್ 2010ರದ್ದು. 2016ರಲ್ಲಿ ಬಂದ ಆ್ಯಂಗ್ಯುಲರ್ 2 ಹೊಸದಾಗಿ ಬರೆದದ್ದು, ಹಳೆಯದರಿಂದ ನೇರ ದಾರಿ ಇರಲಿಲ್ಲ. 2021ರ ಕೊನೆಗೆ ಹಳೆಯದರ ಸಪೋರ್ಟ್ ನಿಂತಿತು. ವ್ಯೂ 2 ಸಪೋರ್ಟ್ 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ರಿಯಾಕ್ಟ್ ಪ್ರಾಜೆಕ್ಟ್ ಶುರು ಮಾಡಿಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್ 2025ರ ಫೆಬ್ರವರಿಯಲ್ಲಿ ಡೆಪ್ರಿಕೇಟ್ ಆಯಿತು, ಅಂದರೆ ಹೊಸ ಆ್ಯಪ್‌ಗೆ ಬೇಡ ಅಂದರು. ಆದರೆ ತಂಡಗಳನ್ನು ಹಿಂದಕ್ಕೆ ಎಳೆಯುವುದು ಹೆಚ್ಚಾಗಿ ಫ್ರೇಮ್‌ವರ್ಕ್ ಅಲ್ಲ, ಅದರ ಮೇಲೆ ಕೂತ ಯುಐ ಲೈಬ್ರರಿ. ವ್ಯೂ 3 ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ, ಅದಕ್ಕೆ ಹೊಂದುವ ಯುಐ ಲೈಬ್ರರಿ ವ್ಯೂಟಿಫೈ 3 ಬಂದದ್ದು 2022ರ ಕೊನೆಗೆ. ಎರಡು ವರ್ಷ ಆ ಲೈಬ್ರರಿ ನಂಬಿದವರು ಕೈಕಟ್ಟಿ ಕೂತರು. ಆದ್ದರಿಂದ ಲೈಬ್ರರಿಯ ಚೇಂಜ್‌ಲಾಗ್ ತೆರೆದು, ಫ್ರೇಮ್‌ವರ್ಕ್‌ನ ಹಿಂದಿನ ಎರಡು ಮೇಜರ್ ರಿಲೀಸ್ ಆದ ಎಷ್ಟು ತಿಂಗಳಿಗೆ ಇವರು ಸಪೋರ್ಟ್ ಕೊಟ್ಟರು ಅಂತ ನೋಡಿ. ಲೈಬ್ರರಿಗಳನ್ನು ತರುವ ಎನ್‌ಪಿಎಂ ಇನ್‌ಸ್ಟಾಲ್‌ಗೆ, ಆವೃತ್ತಿಗಳು ಹೊಂದದಿದ್ದರೂ ನಡೆಯಲಿ ಅನ್ನುವ ಲೆಗಸಿ ಪಿಯರ್ ಡೆಪ್ಸ್ ಫ್ಲ್ಯಾಗ್ ಹಾಕದೆ ಮೊದಲ ದಿನವೇ ಬಿಲ್ಡ್ ಆಗುತ್ತಿಲ್ಲವೆಂದರೆ ಆ ಜೋಡಿ ಬೇಡ. ಆ ಫ್ಲ್ಯಾಗನ್ನು ಸಿಐನಲ್ಲಿ (ಬಿಲ್ಡ್, ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆ) ಹಾಕಿ ಮರೆತವರು ಮುಂದಿನ ಅಪ್‌ಗ್ರೇಡ್‌ನಲ್ಲಿ ನರಳುತ್ತಾರೆ.

ಆ್ಯಂಗ್ಯುಲರ್‌ಗೆ ಆರು ತಿಂಗಳಿಗೊಂದು ಮೇಜರ್, ಪ್ರತಿಯೊಂದಕ್ಕೂ 18 ತಿಂಗಳ ಸಪೋರ್ಟ್. ಕ್ಯಾಲೆಂಡರ್ ಮೊದಲೇ ಗೊತ್ತಿರುವುದರಿಂದ ವರ್ಷಕ್ಕೊಮ್ಮೆ ಅಪ್‌ಗ್ರೇಡ್ ಸ್ಪ್ರಿಂಟ್ ಅಂತ ಎಸ್ಟಿಮೇಟ್‌ನಲ್ಲೇ ಬರೆಯಬಹುದು. ರೌಟರ್ (ಪುಟದಿಂದ ಪುಟಕ್ಕೆ ಸಾಗಿಸುವ ಭಾಗ), ಫಾರ್ಮ್, ಎಚ್‌ಟಿಟಿಪಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಕಾಂಟ್ರಾಕ್ಟ್‌ನವರು ಬಂದು ಹೋಗುತ್ತಿರುವ, ಮೂರು ತಿಂಗಳ ನೋಟಿಸ್ ಮುಗಿಸಿ ಹಳಬರು ಹೊರಡುತ್ತಿರುವ, ಎಂಟು ಹತ್ತು ವರ್ಷ ನಡೆಯಬೇಕಾದ ಕಚೇರಿ ಆ್ಯಪ್‌ಗೆ ನಾನು ಇದನ್ನೇ ಹೇಳುತ್ತೇನೆ, ಕಲಿಯಲು ಕಷ್ಟವಾದರೂ ಸರಿ. ರಿಯಾಕ್ಟ್ ಬಲ್ಲವರು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತಾರೆ, ಆದರೆ ಇಬ್ಬರು ರಿಯಾಕ್ಟ್‌ನವರ ರೌಟರ್, ಡೇಟಾ ಫೆಚಿಂಗ್, ಸ್ಟೇಟ್ ಪದ್ಧತಿ ಒಂದೇ ಇರುವುದು ಅಪರೂಪ. ರಿಯಾಕ್ಟ್ ಆರಿಸಿದರೆ ಆ ತೀರ್ಮಾನಗಳನ್ನೆಲ್ಲ ಒಂದು ಪುಟದಲ್ಲಿ ಬರೆದು ರೆಪೊಸಿಟರಿಯಲ್ಲೇ ಇಡಿ. ಇನ್ನು ಓದುವ ಪುಟಗಳೇ ಹೆಚ್ಚಿದ್ದು ಅಲ್ಲೊಂದು ಇಲ್ಲೊಂದು ಫಾರ್ಮ್ ಇದ್ದರೆ, ಸರ್ವರ್‌ನಿಂದಲೇ ಎಚ್‌ಟಿಎಂಎಲ್ ಕಳಿಸಿ. ಜೊತೆಗೆ ಎಚ್‌ಟಿಎಂಎಕ್ಸ್ ಅಥವಾ ಆಲ್ಪೈನ್‌ನಂಥ ಸಣ್ಣ ಲೈಬ್ರರಿ ಸಾಕು.

ಏನೇ ಆರಿಸಿದರೂ ಮುಂದೊಂದು ದಿನ ಬಿಡಬೇಕಾಗುತ್ತದೆ. ಅದಕ್ಕೆ ಮೊದಲ ವಾರವೇ ಒಂದು ಕೆಲಸ ಮಾಡಿ. ವ್ಯಾಲಿಡೇಶನ್, ಅರ್ಹತೆಯ ಲೆಕ್ಕ, ಎಪಿಐ ಕರೆಗಳನ್ನು ಬರೀ ಟೈಪ್‌ಸ್ಕ್ರಿಪ್ಟ್ ಫೈಲ್‌ಗಳಾಗಿ ಬೇರೆ ಫೋಲ್ಡರ್‌ನಲ್ಲಿ ಇಡಿ, ಆ ಫೋಲ್ಡರ್‌ನಿಂದ ಫ್ರೇಮ್‌ವರ್ಕ್ ಇಂಪೋರ್ಟ್ ಮಾಡದಂತೆ ಕೋಡ್ ತಪಾಸಣೆ ಮಾಡುವ ಇಎಸ್‌ಲಿಂಟ್‌ನಲ್ಲಿ ನಿರ್ಬಂಧದ ರೂಲ್ ಹಾಕಿ. ಆ ಫೈಲ್‌ಗಳ ಟೆಸ್ಟ್ ಬ್ರೌಸರ್ ಇಲ್ಲದೆಯೇ ಓಡಬೇಕು. ರೂಲ್ ಸಿಐನಲ್ಲಿ ಬಿಲ್ಡ್ ನಿಲ್ಲಿಸುವಂತಿರಲಿ. ಬರೀ ವಾರ್ನಿಂಗ್ ಆದರೆ ರಿಲೀಸ್ ಹಿಂದಿನ ರಾತ್ರಿ ಯಾರಾದರೂ ಮುರಿಯುತ್ತಾರೆ.