ಬೀಳುವ ಪೆಟ್ಟಿಗೆಯೊಳಗಿನ ತೂಕ: ಯೋಜನೆಯ ಈವರೆಗಿನ ಪ್ರಗತಿ

ಮುಕ್ತ ಪತನದಲ್ಲಿ ವಸ್ತುವಿನ ತೂಕ ಏನಾಗುತ್ತದೆ ಎಂಬುದನ್ನು ತಕ್ಕಡಿಯ ಮುಳ್ಳಿನಲ್ಲೇ ನೋಡಿ ತಿಳಿಯಬೇಕೆಂಬ ಆಸೆಯಿಂದ ಕೈಗೆತ್ತಿಕೊಂಡ ಈ ಯೋಜನೆ ಈಗ ಎರಡನೆಯ ಪೆಟ್ಟಿಗೆಯ ಹಂತಕ್ಕೆ ಬಂದಿದೆ. ಮೊದಲನೆಯದು ಪ್ರತಿ ಅಂಚೂ 30 ಸೆಂ.ಮೀ. ಇರುವ ಪ್ಲೈವುಡ್ ಪೆಟ್ಟಿಗೆ. ಅದರ ಮೇಲ್ಭಾಗದಿಂದ ಒಂದು ಸ್ಪ್ರಿಂಗ್ ತಕ್ಕಡಿ ಇಳಿಬಿದ್ದಿದೆ, ಕೊಕ್ಕೆಯಲ್ಲಿ 500 ಗ್ರಾಂ ಬಟ್ಟು ಇದೆ, ಎದುರಿನ ಗೋಡೆಗೆ ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನನ್ನು ಬಿಗಿದಿದ್ದೇನೆ. ಎಲ್ಲವೂ ಸೇರಿ ಸುಮಾರು 3 ಕೆ.ಜಿ. ಪೆಟ್ಟಿಗೆ 2 ಮೀಟರ್ ಎತ್ತರದಿಂದ ದಪ್ಪ ಫೋಮ್ ಹಾಸಿನ ಮೇಲೆ ಬೀಳುತ್ತದೆ. ಅದಕ್ಕೆ ಸಿಗುವ ಕಾಲ 0.64 ಸೆಕೆಂಡ್. ಎಲೆಕ್ಟ್ರಾನಿಕ್ ತಕ್ಕಡಿಯ ಪರದೆ ಇಷ್ಟು ಬೇಗ ಬದಲಾಗುವುದಿಲ್ಲವಾದ್ದರಿಂದ ಹಳೆಯ ಮುಳ್ಳಿನ ತಕ್ಕಡಿಯೇ ಈ ಕೆಲಸಕ್ಕೆ ಸರಿ.

ಚಿತ್ರಗಳನ್ನು ಒಂದೊಂದಾಗಿ ನೋಡಿದರೆ, ಪೆಟ್ಟಿಗೆಯನ್ನು ತೂಗುಹಾಕಿದ್ದ ದಾರ ಕತ್ತರಿಸಿದ ಕೂಡಲೇ ಮುಳ್ಳು 500ರಿಂದ ಸರಿದು ಸೊನ್ನೆಗೆ ಬರುತ್ತದೆ, ಬಟ್ಟು ಮೇಲಕ್ಕೆ ಸೆಳೆಯಲ್ಪಟ್ಟು ಸ್ಪ್ರಿಂಗ್ ಸಡಿಲಾಗುತ್ತದೆ. ಭೂಮಿ ಆ ಬಟ್ಟನ್ನು ಎಳೆಯುವುದನ್ನು ಒಂದು ಕ್ಷಣವೂ ನಿಲ್ಲಿಸಿಲ್ಲ; ಎಳೆಯುತ್ತಿರುವುದರಿಂದಲೇ ಅದು ಬೀಳುತ್ತಿದೆ. ಇಲ್ಲವಾದದ್ದು ಆಧಾರ. ತಕ್ಕಡಿ ಅಳೆಯುವುದು ತಾನು ವಸ್ತುವನ್ನು ಹಿಡಿದು ನಿಲ್ಲಿಸಲು ಎಷ್ಟು ಬಲ ಹಾಕಬೇಕಾಯಿತು ಎಂಬುದನ್ನು ಮಾತ್ರ, ಮತ್ತು ತಕ್ಕಡಿಯೂ ಬಟ್ಟೂ ಒಂದೇ ವೇಗೋತ್ಕರ್ಷದಿಂದ ಬೀಳುವಾಗ ಹಿಡಿದು ನಿಲ್ಲಿಸುವ ಕೆಲಸವೇ ಉಳಿಯುವುದಿಲ್ಲ. ಬೀಳುವ ಮನುಷ್ಯನಿಗೆ ತನ್ನ ತೂಕದ ಅನುಭವವಾಗದು ಎಂದು 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದ ವಿಚಾರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದವರೆಗೆ ಬೆಳೆಯಿತೆಂಬುದನ್ನು ನೆನೆದರೆ, ಈ ಸಣ್ಣ ಮುಳ್ಳಿನ ಚಲನೆಯನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ತಳದ ಬಳಿ ತೂತು ಮಾಡಿದ ನೀರಿನ ಬಾಟಲಿಯ ಪ್ರಯೋಗ ಅನೇಕರಿಗೆ ಪರಿಚಿತ: ಕೈಬಿಟ್ಟೊಡನೆ ಧಾರೆ ನಿಲ್ಲುತ್ತದೆ. ಆದರೆ ಬಾಟಲಿಯನ್ನು ಮೇಲಕ್ಕೆ ಎಸೆದು ನೋಡುವುದು ಇನ್ನೂ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಬಾಟಲಿ ಕೈಯಿಂದ ಬಿಟ್ಟ ಕ್ಷಣವೇ, ಅಂದರೆ ಅದಿನ್ನೂ ಮೇಲೇರುತ್ತಿರುವಾಗಲೇ, ಧಾರೆ ನಿಂತುಹೋಗುತ್ತದೆ, ಏರುವಾಗಲೂ ತುದಿಯಲ್ಲೂ ಇಳಿಯುವಾಗಲೂ ಹೊಸ ಹನಿ ಹೊರಬರುವುದಿಲ್ಲ. ಮುಕ್ತ ಪತನಕ್ಕೆ ದಿಕ್ಕಿನ ಹಂಗಿಲ್ಲ. ಗುರುತ್ವವೊಂದೇ ಬಲವಾಗಿ ಉಳಿದರೆ ಸಾಕು. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸ್ಥಿತಿಯೂ ಇದೇ. ಅಲ್ಲಿ ಗುರುತ್ವ ವೇಗೋತ್ಕರ್ಷ 8.7 ಮೀ/ಸೆ²ರಷ್ಟು, ಅಂದರೆ ನೆಲದಲ್ಲಿರುವುದರ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇದೆ. ಗಗನಯಾತ್ರಿಗಳು ತೇಲುವುದು ಅವರೂ ನಿಲ್ದಾಣವೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ.

ಪೆಟ್ಟಿಗೆಯ ಎರಡನೆಯ ಹಂತ ಹುಟ್ಟಿದ್ದು ಫೋನಿನೊಳಗಿನ ವೇಗೋತ್ಕರ್ಷ ಮಾಪಕದ ದಾಖಲೆಯಿಂದ. ಸೂಕ್ಷ್ಮ ಸಿಲಿಕಾನ್ ಸ್ಪ್ರಿಂಗ್‌ಗಳ ಮೇಲೆ ನಿಂತ ಪುಟ್ಟ ದ್ರವ್ಯರಾಶಿ ಎಷ್ಟು ಸರಿಯಿತು ಎಂಬುದನ್ನು ಅಳೆಯುವ ಈ ಉಪಕರಣ ತತ್ತ್ವದಲ್ಲಿ ನನ್ನ ಸ್ಪ್ರಿಂಗ್ ತಕ್ಕಡಿಯ ತಮ್ಮನೇ. ಆದ್ದರಿಂದ ಮೇಜಿನ ಮೇಲೆ ಸುಮ್ಮನಿರುವಾಗ ಅದು 9.8 ತೋರಿಸುತ್ತದೆ, ಬೀಳುವಾಗ ಸೊನ್ನೆ. ಆದರೆ ಗ್ರಾಫನ್ನು ಹಿಗ್ಗಿಸಿ ನೋಡಿದಾಗ ರೇಖೆ ಸೊನ್ನೆಯಲ್ಲಿ ಆರಂಭವಾಗಿ ಮೆಲ್ಲಗೆ ಏರುತ್ತಾ ಹೋಗಿ, ಹಾಸು ಮುಟ್ಟುವ ಮುನ್ನ ಸುಮಾರು 0.7 ಮೀ/ಸೆ²ಗೆ ಬಂದಿರುತ್ತದೆ. ಇದು ಗಾಳಿಯ ಕೆಲಸ. ಕೊನೆಯಲ್ಲಿ ಪೆಟ್ಟಿಗೆಯ ವೇಗ ಸೆಕೆಂಡಿಗೆ 6.3 ಮೀಟರ್ ಸಮೀಪಿಸುತ್ತದೆ, ವಾಯುರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಹೀಗೆ ತಡೆಯಲ್ಪಟ್ಟ ಪೆಟ್ಟಿಗೆ ತನ್ನೊಳಗಿನ ಎಲ್ಲವನ್ನೂ ತುಸುವೇ ಹಿಡಿದು ನಿಲ್ಲಿಸತೊಡಗುತ್ತದೆ. ಅಷ್ಟರ ಮಟ್ಟಿಗೆ ಒಳಗಿನ ವಸ್ತುಗಳಿಗೆ ತೂಕ ಮರಳಿ ಬರುತ್ತದೆ.

ಪ್ರಯೋಗಗಳನ್ನು ಎತ್ತರದಿಂದ ಬೀಳಿಸಲೆಂದೇ ಕಟ್ಟಿದ ದೊಡ್ಡ ಪತನ ಗೋಪುರಗಳು ಗಾಳಿಯ ಈ ತೊಡಕನ್ನು ಎರಡು ರೀತಿಯಲ್ಲಿ ನೀಗಿಕೊಂಡಿವೆ. ಜರ್ಮನಿಯ ಬ್ರೆಮೆನ್ ನಗರದ 146 ಮೀಟರ್ ಗೋಪುರದಲ್ಲಿ ಕೊಳವೆಯ ಗಾಳಿಯನ್ನೇ ಹೊರತೆಗೆದು ಸುಮಾರು 4.7 ಸೆಕೆಂಡಿನ ಪತನ ಪಡೆಯುತ್ತಾರೆ. ನಾಸಾದ ಗ್ಲೆನ್ ಕೇಂದ್ರದ 2.2 ಸೆಕೆಂಡಿನ ಗೋಪುರದಲ್ಲಿ ಪ್ರಯೋಗವನ್ನು ಹೊರಕವಚವೊಂದರೊಳಗೆ ಬಿಡಿಯಾಗಿ ಬೀಳಿಸುತ್ತಾರೆ. ಗಾಳಿಯ ಹೊಡೆತವೆಲ್ಲ ಕವಚಕ್ಕೆ. ನನ್ನ ಕೈಗೆ ಎಟಕುವುದು ಎರಡನೆಯ ದಾರಿ. ಹಳೆಯ ಪೆಟ್ಟಿಗೆಯೇ ಈಗ ಕವಚವಾಗಿದೆ, ಅದರೊಳಗೆ ಸಣ್ಣ ಪೆಟ್ಟಿಗೆಯೊಂದು ತೂಗುತ್ತದೆ. ಎರಡರ ದಾರಗಳೂ ಮೇಲಿನ ಒಂದೇ ಉಂಗುರಕ್ಕೆ ಸೇರುವುದರಿಂದ ಉಂಗುರದ ದಾರ ಕತ್ತರಿಸಿದರೆ ಎರಡೂ ಒಮ್ಮೆಗೇ ಬಿಡುಗಡೆಯಾಗುತ್ತವೆ. ಕವಚ 3 ಕೆ.ಜಿ. ಇದ್ದರೆ ಪತನದ ಕೊನೆಗೆ ಅದು ಒಳಪೆಟ್ಟಿಗೆಗಿಂತ ಸುಮಾರು 2.5 ಸೆಂ.ಮೀ. ಹಿಂದುಳಿಯುತ್ತದೆಂದು ಲೆಕ್ಕ ಹೇಳುತ್ತದೆ, ಹಾಗಾಗಿ ಕೆಳಗೆ 5 ಸೆಂ.ಮೀ. ಜಾಗ ಬಿಟ್ಟಿದ್ದೇನೆ. ಹೊಸ ದಾಖಲೆಗಳಲ್ಲಿ ರೇಖೆ ಕೊನೆಯವರೆಗೂ ಸೊನ್ನೆಗೆ ಅಂಟಿಕೊಂಡೇ ಇದೆ.

ಮುಂದಿನ ಕೆಲಸ ದ್ರವ್ಯರಾಶಿಗೆ ಸಂಬಂಧಿಸಿದ್ದು. ತೂಕ ಹೋದರೂ ಜಡತ್ವ ಹೋಗುವುದಿಲ್ಲವಾದ್ದರಿಂದ ಆಂದೋಲನದ ಅವಧಿಯಿಂದ ದ್ರವ್ಯರಾಶಿಯನ್ನು ಅಳೆಯಬಹುದು. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣವಾದ ಸ್ಕೈಲ್ಯಾಬ್‌ನಲ್ಲಿ ಗಗನಯಾತ್ರಿಗಳನ್ನು ಹೀಗೆಯೇ ಆಂದೋಲಿಸುವ ಕುರ್ಚಿಯಲ್ಲಿ ಕೂರಿಸಿ ತೂಗಿದ್ದರು. ಮೀಟರಿಗೆ 100 ನ್ಯೂಟನ್ ಬಿಗಿತದ ಸ್ಪ್ರಿಂಗ್‌ನಲ್ಲಿ 100 ಗ್ರಾಂ ಬಟ್ಟು 0.2 ಸೆಕೆಂಡಿಗೊಮ್ಮೆ ಆಡುತ್ತದೆ, 200 ಗ್ರಾಂ ಆದರೆ 0.28 ಸೆಕೆಂಡಿಗೊಮ್ಮೆ, 0.64 ಸೆಕೆಂಡಿನೊಳಗೆ ಈ ವ್ಯತ್ಯಾಸ ಕಾಣಿಸಲೇಬೇಕು. ಬಟ್ಟನ್ನು ಯಾರೂ ತಳ್ಳಬೇಕಾಗಿಲ್ಲ, ನೇತಾಡುವಾಗ ಹಿಗ್ಗಿದ್ದ ಸ್ಪ್ರಿಂಗ್ ಬಿಡುಗಡೆಯಾದೊಡನೆ ತಾನೇ ಆಂದೋಲನ ಆರಂಭಿಸುತ್ತದೆ. ಒಳಪೆಟ್ಟಿಗೆ ಬಟ್ಟಿಗಿಂತ ಬಹಳ ಭಾರವಿರಬೇಕು, ಇಲ್ಲವಾದರೆ ಪೆಟ್ಟಿಗೆಯೂ ಜೊತೆಗೆ ಆಡಿ ಅವಧಿ ಕಡಿಮೆಯಾಗುತ್ತದೆ. ಅದಕ್ಕಾಗಿ ತಳಕ್ಕೆ ಕಬ್ಬಿಣದ ಪಟ್ಟಿಗಳನ್ನು ಕೂರಿಸುವ ಕೆಲಸ ನಡೆದಿದೆ.