ರಘುರಾಜಪುರದ ಜಗುಲಿಗಳು

ಚಂದನಪುರದ ಬಳಿ ಹೆದ್ದಾರಿ ಬಿಟ್ಟು ಆಟೋ ಒಳರಸ್ತೆಗೆ ಹೊರಳುತ್ತಿದ್ದಂತೆ ಅಕ್ಕ ನನ್ನಿಂದ ಮಾತು ತೆಗೆದುಕೊಂಡಳು. “ಎಲ್ಲ ಮನೆಗಳನ್ನೂ ನೋಡಿ ಮುಗಿಸುವ ತನಕ ಒಂದು ಪೈಸೆಯನ್ನೂ ಬಿಚ್ಚಬಾರದು.” ಮೂವತ್ತು ವರ್ಷ ಮೈಸೂರಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು ಅವಳು. ಬಣ್ಣದ ವಿಷಯದಲ್ಲಿ ಧಾರಾಳಿ, ಹಣದ ವಿಷಯದಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ಪಳಗಿದ ಕೈ. ನಾನು ತಲೆಯಾಡಿಸಿದೆ.

ಪುರಿಗೆ ಬಂದವರು ಜಗನ್ನಾಥನ ದರ್ಶನ ಮಾಡಿ, ಕಡಲಿಗೆ ಕಾಲೊಡ್ಡಿ, ಕೋನಾರ್ಕಕ್ಕೆ ಹೋಗಿ ರೈಲು ಹತ್ತುತ್ತಾರೆ. ನಾವೂ ಅದನ್ನೆಲ್ಲ ಮಾಡಿದೆವು, ಅದರ ವರದಿ ಇಲ್ಲಿ ಬೇಡ. ಅಕ್ಕ ಇಷ್ಟು ದೂರ ಬಂದದ್ದೇ ಪುರಿಯಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿ, ಭಾರ್ಗವಿ ನದಿಯ ದಡದಲ್ಲಿರುವ ಈ ಊರಿಗಾಗಿ. ನೂರಕ್ಕೂ ಹೆಚ್ಚು ಮನೆಗಳಿರುವ ಇಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಮನೆಯಲ್ಲೂ ಚಿತ್ರ ಬರೆಯುವವರಿದ್ದಾರೆ, ಪ್ರತಿಯೊಂದು ಮನೆಯ ಬಾಗಿಲೂ ಬಂದವರಿಗೆ ತೆರೆದಿರುತ್ತದೆ. 2000ದಲ್ಲಿ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಇದನ್ನು ಪಾರಂಪರಿಕ ಗ್ರಾಮವಾಗಿ ಅಭಿವೃದ್ಧಿಪಡಿಸಲು ಆರಿಸಿಕೊಂಡ ಮೇಲೆ ಜನರ ಓಡಾಟ ಹೆಚ್ಚಾಯಿತು.

ನೋಡಿದ ಕೂಡಲೇ ಹಳೆಯ ಅಗ್ರಹಾರದ ನೆನಪಾಯಿತು. ಎದುರುಬದುರು ಎರಡು ಸಾಲು ಮನೆಗಳು, ಗೋಡೆಗೆ ಗೋಡೆ ತಾಗಿ. ನಡುವೆ ಸಾಲಾಗಿ ಪುಟ್ಟಪುಟ್ಟ ಗುಡಿಗಳು, ಸುತ್ತ ತೆಂಗಿನ ಮರಗಳು. ಮನೆಯ ಮುಂದೆಲ್ಲ ಜಗುಲಿ. ನಮ್ಮ ಕಡೆ ಜಗುಲಿಯ ಮೇಲೆ ಹರಟೆ, ಹೂ ಕಟ್ಟುವುದು, ಅಕ್ಕಿ ಆರಿಸುವುದು ನಡೆದರೆ ಇಲ್ಲಿ ಚಿತ್ರಗಳು ಹುಟ್ಟುತ್ತವೆ. ಹೊರಗೋಡೆಗಳ ಮೇಲೂ ಕೃಷ್ಣ, ಗೋಪಿಯರು, ಆನೆ, ನವಿಲು. ಒಂದು ಮನೆಯ ಗೋಡೆಯಲ್ಲಿ ರಾವಣನ ಹತ್ತು ತಲೆಗಳ ಪೈಕಿ ಮೂರನ್ನು ವಿದ್ಯುತ್ ಮೀಟರಿನ ಪೆಟ್ಟಿಗೆ ನುಂಗಿಹಾಕಿತ್ತು.

ಬೀದಿಯ ಬಾಯಲ್ಲೇ ಒಬ್ಬ ಯುವಕ ಕಾದು ನಿಂತಿದ್ದ. “ಬನ್ನಿ ದೀದಿ, ಕೊಳ್ಳಬೇಕೆಂದೇನಿಲ್ಲ, ನೋಡಿದರೆ ಸಾಕು” ಎಂದ ಹಿಂದಿಯಲ್ಲಿ. ಎಂತಹ ಸಜ್ಜನ ಎಂದುಕೊಂಡೆ. ಅದೇ ಮಾತನ್ನು ಎರಡನೆಯ ಜಗುಲಿಯಲ್ಲೂ, ಮೂರನೆಯದರಲ್ಲೂ, ಎದುರು ಸಾಲಿನಿಂದ ಕೂಗಿ ಕರೆದವರ ಬಾಯಲ್ಲೂ ಕೇಳಿದ ಮೇಲೆ ಅದರ ಅರ್ಥ ನಿಧಾನವಾಗಿ ತಿಳಿಯಿತು. ನೋಡಿದರೆ ಸಾಕು ಎನ್ನುವವರ ಮುಂದೆ ಬರೀ ನೋಡಿ ಎದ್ದುಬರುವಷ್ಟು ಕಷ್ಟ ಬೇರೊಂದಿಲ್ಲ. ಅಂಗಡಿಯಲ್ಲಾದರೆ ಬೆನ್ನು ತಿರುಗಿಸಬಹುದು. ಇಲ್ಲಿ ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟು, ಮಗುವನ್ನು ಪಕ್ಕಕ್ಕೆ ಸರಿಸಿ ಕೂರಿಸಿಕೊಂಡವರಿಗೆ ಏನು ಹೇಳಿ ಏಳುವುದು?

ಆ ಯುವಕ ಒಂದೊಂದೇ ಸುರುಳಿ ಬಿಚ್ಚುತ್ತ ಹೋದ. ಕೊನೆಗೆ ಬಂದದ್ದು ನಾನು ಯಾವ ಭಾರತದ ಕಥೆಯಲ್ಲೂ ಕೇಳಿರದ ಒಂದು ಮೃಗ: ಕೋಳಿಯ ತಲೆ, ನವಿಲಿನ ಕೊರಳು, ಗೂಳಿಯ ಹಿಣಿಲು, ಸಿಂಹದ ನಡು, ಹಾವಿನ ಬಾಲ. ಮೂರು ಕಾಲುಗಳು ಮೂರು ಪ್ರಾಣಿಗಳವು, ನಾಲ್ಕನೆಯ ಕಾಲಿನ ಜಾಗದಲ್ಲಿ ಮನುಷ್ಯನ ಕೈ. ನವಗುಂಜರ. ಹದಿನೈದನೆಯ ಶತಮಾನದ ಸಾರಳಾದಾಸನ ಒಡಿಯಾ ಮಹಾಭಾರತದಲ್ಲಿ ಕೃಷ್ಣ ಈ ರೂಪದಲ್ಲಿ ಅರ್ಜುನನೆದುರು ಬಂದು ನಿಲ್ಲುತ್ತಾನೆ. ಅರ್ಜುನ ಬಿಲ್ಲೆತ್ತುತ್ತಾನೆ. ಆ ಒಂದು ಮನುಷ್ಯನ ಕೈ ಕಣ್ಣಿಗೆ ಬಿದ್ದದ್ದೇ ಬಿಲ್ಲು ಕೆಳಗಿಡುತ್ತಾನೆ. ಅಕ್ಕ ಚಿತ್ರದ ಮೇಲೆ ಬಾಗಿ, ಗರಿ ಎಲ್ಲಿ ಮುಗಿದು ರೋಮ ಎಲ್ಲಿ ಶುರುವಾಗುತ್ತದೆಂದು ಬೆರಳು ತಾಗಿಸದೆ ಹುಡುಕುತ್ತಿದ್ದಳು. ಗೆರೆ ಎಲ್ಲಿಯೂ ಮುರಿದಿರಲಿಲ್ಲ. “ಇವನು ಪೆನ್ಸಿಲ್ ಮುಟ್ಟಿಲ್ಲ” ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಬೆಲೆ ಕೇಳಿದೆವು. ಅದು ನಮ್ಮ ರೈಲಿನ ಎರಡು ಟಿಕೆಟ್‌ಗಳನ್ನು ಮೀರಿತ್ತು. ಆಮೇಲೆ ಬರುತ್ತೇವೆ ಎಂದು ಹೇಳಿ ಎದ್ದೆವು. ಅವನು ನಕ್ಕ. ಆ ವಾಕ್ಯ ಅವನಿಗೆ ಎಲ್ಲ ಭಾಷೆಗಳಲ್ಲೂ ಅರ್ಥವಾಗುತ್ತದೆ ಎನಿಸಿತು.

ಮೂರನೆಯ ಮನೆಯಲ್ಲಿ ನನ್ನ ಮಾತು ಮುರಿಯಿತು. 150 ರೂಪಾಯಿ ಕೊಟ್ಟು ಒಂದು ತಾಳೆಗರಿಯ ಪುಟಗುರುತು ಕೊಂಡೆ. ಅಕ್ಕ ಏನೂ ಹೇಳಲಿಲ್ಲ. ಬೀದಿಗೆ ಇಳಿದ ಮೇಲೆ, ಶಾಲೆಯಲ್ಲಿ ಬಣ್ಣದ ಪೆಟ್ಟಿಗೆ ತಾರದ ಹುಡುಗರನ್ನು ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

ಆದರೆ ಆ ತಾಳೆಗರಿಯ ಮನೆಯಲ್ಲೇ ಕೂತಿದ್ದರೆ ಸಾಕಿತ್ತು ಎನ್ನುವಷ್ಟು ಸರಕಿತ್ತು. ಒಣಗಿಸಿ ಹದಮಾಡಿದ ಗರಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದರ ಕೆಳಗೊಂದು ದಾರದಿಂದ ಹೊಲಿದಿರುತ್ತಾರೆ. ಮಡಚಿದರೆ ಕೈಯಗಲ, ಬಿಚ್ಚಿದರೆ ಗೋಡೆಯುದ್ದ. ಐವತ್ತು ದಾಟಿದ ಆ ಕಲಾವಿದ ಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಂಠವನ್ನು, ಅಂದರೆ ಕಬ್ಬಿಣದ ಚೂಪು ಬರೆಗಡ್ಡಿಯನ್ನು, ಅಲುಗಿಸದೆ ಗರಿಯನ್ನೇ ತಿರುಗಿಸುತ್ತ ಕೊರೆಯುತ್ತಿದ್ದರು. ಕೊರೆದಾಗ ಏನೂ ಕಾಣುವುದಿಲ್ಲ. ಒಣ ಎಲೆಯ ಮೇಲೆ ಒಣ ಗೀರು, ಅಷ್ಟೇ. ಆಮೇಲೆ ದೀಪದ ಕಾಡಿಗೆಯನ್ನು ಗರಿಯ ಮೇಲೆಲ್ಲ ಬಳಿದರು. ಇಡೀ ಗರಿ ಕಪ್ಪಾಗಿ ಕೆಲಸ ಕೆಟ್ಟಿತು ಎನ್ನುವಾಗ ಒದ್ದೆ ಬಟ್ಟೆಯಿಂದ ಒರೆಸಿದರು. ಕಪ್ಪು ಗೀರುಗಳೊಳಗೆ ಮಾತ್ರ ನಿಂತು, ಕೂದಲೆಳೆಯಷ್ಟು ತೆಳುವಾದ ಗೆರೆಗಳಲ್ಲಿ ಒಬ್ಬ ಮತ್ಸ್ಯ, ಒಬ್ಬ ಕೂರ್ಮ ಮೇಲೆದ್ದರು. ನಮ್ಮ ಓಲೆಗರಿ ಗ್ರಂಥಗಳನ್ನು ಬರೆಯುತ್ತಿದ್ದದ್ದೂ ಹೀಗೆಯೇ. ಗೊತ್ತಿದ್ದ ವಿಷಯವೇ, ಆದರೂ ಕಣ್ಣೆದುರು ಆದಾಗ ನಾನು ಕೈತಟ್ಟಿಬಿಟ್ಟೆ.

ಹಿಂದಿನ ದಿನಗಳ ಮಾತು ಬಂತು. ಪುರಿಗೆ ಬರುವ ಯಾತ್ರಿಕರು ಊರಿಗೆ ಒಯ್ಯಲೆಂದು ಕೊಳ್ಳುತ್ತಿದ್ದ ಚಿಕ್ಕ ಚಿತ್ರಗಳಿಗೆ ಜಾತ್ರಿ ಪಟಿ ಎಂದು ಹೆಸರು. ಅಗ್ಗದ ಅಚ್ಚಿನ ಪಟಗಳು ಬಂದ ಮೇಲೆ ಅವುಗಳನ್ನು ಕೇಳುವವರಿಲ್ಲವಾದರು. ಈ ಕಲಾವಿದರ ಅಜ್ಜನೂ ಕುಂಚವನ್ನು ಅಟ್ಟಕ್ಕೇರಿಸಿ ವೀಳ್ಯದೆಲೆ ತೋಟದ ಕೂಲಿಗೆ ಹೋಗಿದ್ದರಂತೆ. 1950ರ ದಶಕದಲ್ಲಿ ಹೆಲೀನಾ ಝೀಲಿ ಎಂಬ ವಿದೇಶಿ ಮಹಿಳೆ ಇಲ್ಲಿನ ಚಿತ್ರಕಾರರನ್ನು ಹುಡುಕಿಕೊಂಡು ಬಂದು, ಒಳ್ಳೆಯ ಕೆಲಸಕ್ಕೆ ಒಳ್ಳೆಯ ಬೆಲೆ ಸಿಗುತ್ತದೆಂದು ನಂಬಿಸಿ, ಮತ್ತೆ ಬರೆಯಲು ಹಚ್ಚಿದರು. ಇದನ್ನೆಲ್ಲ ಹೇಳಿ ಅವರು ಒಳಗಿನಿಂದ ಒಂದು ಪಟ ತಂದರು. ಕೆಳಗಿನ ಅರ್ಧ ಕಲೆಗಟ್ಟಿ, ಬಣ್ಣ ಹರಿದು, ಗೋಪಿಯರ ಪಾದಗಳೆಲ್ಲ ಒಂದೇ ಕೆಂಪು ಮಡುವಾಗಿದ್ದವು. 2019ರ ಮೇ 3ರಂದು ಫನಿ ಚಂಡಮಾರುತ ಪುರಿಯ ಬಳಿ ದಡಕ್ಕೆ ಅಪ್ಪಳಿಸಿದಾಗ ಛಾವಣಿ ಹೋಗಿ ನೆನೆದದ್ದು. “ಇದು ಮಾರಾಟಕ್ಕಿಲ್ಲ” ಎಂದರು. ಆ ಬೆಳಗ್ಗೆ ನಾನು ಆ ಮಾತು ಕೇಳಿದ್ದು ಅದೊಂದೇ ಸಲ.

ಇಷ್ಟದ ನಡುವೆ ಕಷ್ಟವಾದದ್ದನ್ನೂ ಹೇಳಬೇಕು. ಬಣ್ಣ ಬಳಿದ ಅಲ್ಯೂಮಿನಿಯಂ ಕೆಟಲುಗಳು, ಗಾಜಿನ ಬಾಟಲಿಗಳು, ತೆಂಗಿನ ಚಿಪ್ಪುಗಳು, ಅಡಿಕೆಯ ಮೇಲೆ ಬರೆದ ಜಗನ್ನಾಥ: ಪ್ರತಿ ಜಗುಲಿಯಲ್ಲೂ ಒಂದೇ ಬಗೆಯ ಸಾಲು. ನಾನು ಮೂಗು ಮುರಿದೆ. ಒಬ್ಬ ಹುಡುಗಿ ಅದನ್ನು ಗಮನಿಸಿ, ತಿಂಗಳುಗಟ್ಟಲೆ ಕೂತು ಬರೆದ ದೊಡ್ಡ ಪಟ ವರ್ಷಕ್ಕೆ ಒಂದೋ ಎರಡೋ ಹೋಗುತ್ತದೆ, ಅಷ್ಟರ ತನಕ ಮನೆಯ ಅಕ್ಕಿ ತರುವುದು ಈ ಕೆಟಲುಗಳೇ ಎಂದಳು. ಮೂಗು ತಾನಾಗಿ ನೆಟ್ಟಗಾಯಿತು. ಆದರೂ ಮನೆಗೆ ಕೆಟಲ್ ತರಲಿಲ್ಲ, ನಿಜ ಹೇಳಬೇಕಲ್ಲ.

ಗಂಜಪ ಎಲೆಗಳು ಮಾತ್ರ ನಮ್ಮಿಬ್ಬರನ್ನೂ ಹಿಡಿದು ನಿಲ್ಲಿಸಿದವು. ಅಂಗೈಯಲ್ಲಿ ಕೂರುವ ದುಂಡನೆಯ ಇಸ್ಪೀಟೆಲೆಗಳು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಇದು ನಮ್ಮ ಗಂಜೀಫಾದ ಅಣ್ಣನೋ ತಮ್ಮನೋ ಆಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಕ್ಕೆ ಮನಸೋತು ಹೊಸ ಹೊಸ ಕಟ್ಟುಗಳನ್ನೇ ರೂಪಿಸಿದ್ದರೆಂದು ಅಕ್ಕ ಮುರುಕು ಹಿಂದಿಯಲ್ಲಿ ಆ ಮನೆಯವರಿಗೆ ಹೇಳತೊಡಗಿದಳು. ಅವರು ಸೌಜನ್ಯದಿಂದ ಕೇಳಿಸಿಕೊಂಡು, “ಒಂದು ಕಟ್ಟು ಕೊಡಲೇ?” ಎಂದರು. ಒಡೆಯರ ಕಥೆ ಅಲ್ಲಿಗೆ ನಿಂತಿತು.

ಮಧ್ಯಾಹ್ನ ಒಂದು ಮನೆಯೊಳಗಿನಿಂದ ಮರ್ದಲವೆಂಬ ಮದ್ದಳೆಯ ಸದ್ದು ಬರುತ್ತಿತ್ತು. ಹೆಣ್ಣುವೇಷ ತೊಟ್ಟು ಕುಣಿಯುವ ಹುಡುಗರ ಗೋಟಿಪುಅ ನೃತ್ಯಕ್ಕೂ ಈ ಊರು ಹೆಸರಾದದ್ದು. ಒಡಿಸ್ಸಿಯ ಗುರು ಕೇಳುಚರಣ ಮಹಾಪಾತ್ರ 1926ರಲ್ಲಿ ಹುಟ್ಟಿದ್ದು ಇಲ್ಲಿಯೇ, ಚಿತ್ರಕಾರರ ಮನೆಯಲ್ಲೇ. ಕಿಟಕಿಯಿಂದ ಇಣುಕಿದರೆ ಹತ್ತು ವರ್ಷದ ಹುಡುಗನೊಬ್ಬ ಹಿಂದಕ್ಕೆ ಬಾಗಿ ತನ್ನ ಹಿಮ್ಮಡಿಗಳನ್ನೇ ಹಿಡಿದುಕೊಂಡಿದ್ದ. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಬೀದಿಯ ಕೊನೆಯ ಮನೆಯಿಂದ ಯಾರೂ ನಮ್ಮನ್ನು ಕರೆಯಲಿಲ್ಲ. ಜಗುಲಿಯಲ್ಲಿ ಒಬ್ಬ ಅಜ್ಜಿ ಕಾಲು ಚಾಚಿ ಕೂತು ಬಿಳಿ ಬಟ್ಟೆಯ ಮೇಲೆ ಕಲ್ಲು ತೀಡುತ್ತಿದ್ದರು. ಗೋಡೆಗೆ ಚಿತ್ರ ತೂಗುಹಾಕಿರಲಿಲ್ಲ, ಕೆಟಲ್‌ಗಳ ಸಾಲಿರಲಿಲ್ಲ. ಆಟೋದವನು ಕಲಿಸಿಕೊಟ್ಟಿದ್ದಂತೆ ಅಕ್ಕ “ಜಯ ಜಗನ್ನಾಥ, ಮಾವುಸಿ” ಎಂದಳು. ಮಾವುಸಿ ಎಂದರೆ ಚಿಕ್ಕಮ್ಮ. ಅಜ್ಜಿ ಕಣ್ಣೆತ್ತಿ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು. ಹಿಂದಿ ಅವರಿಗೆ ಬಾರದು, ಒಡಿಯಾ ನಮಗೆ ಬಾರದು. ಒಂದು ಗಂಟೆ ಕೂತೆವು.

ಪಟ, ಅಂದರೆ ಚಿತ್ರ ಬರೆಯುವ ಬಟ್ಟೆ, ಸಿದ್ಧವಾಗುವ ಬಗೆ ಅಲ್ಲಿ ತಿಳಿಯಿತು. ಹಳೆಯ ಹತ್ತಿ ಸೀರೆಯ ಎರಡು ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಒಂದಕ್ಕೊಂದು ಅಂಟಿಸುತ್ತಾರೆ. ಬೀಜವನ್ನು ದಿನಗಟ್ಟಲೆ ನೆನೆಸಿ, ಅರೆದು, ಕುದಿಸಿದರೆ ಆ ಅಂಟು. ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಅದೇ ಅಂಟಿನಲ್ಲಿ ಕಲಸಿ ಎರಡೂ ಮೈಗೆ ಬಳಿಯುತ್ತಾರೆ. ಮತ್ತೆ ಒಣಗಿದ ಮೇಲೆ ಮೊದಲು ಒರಟು ಕಲ್ಲು, ನಂತರ ನುಣುಪು ಕಲ್ಲು ತೀಡಿ ತೀಡಿ ಬಟ್ಟೆ ತೊಗಲಿನಂತಾಗುತ್ತದೆ. ಅಕ್ಕ ಹುಣಸೆಯಂಟಿನ ಮಡಕೆ ಮೂಸಿ, ನಮ್ಮ ಕಿನ್ನಾಳದ ಗೊಂಬೆ ಮಾಡುವವರ ಮನೆಯ ವಾಸನೆಯೇ ಎಂದಳು. ಮೂಲೆಯಲ್ಲಿ ಬಣ್ಣ ತುಂಬಿದ ತೆಂಗಿನ ಚಿಪ್ಪುಗಳಿದ್ದವು: ಶಂಖ ಅರೆದ ಬಿಳಿ, ಕಾಡಿಗೆಯ ಕಪ್ಪು, ಇಂಗಳೀಕವೆಂಬ ಖನಿಜದ ಕೆಂಪು, ಹರಿದಳವೆಂಬ ಖನಿಜದ ಹಳದಿ. ಎಲ್ಲದಕ್ಕೂ ಬೇಲದ ಅಂಟು. ರಾಮನವಮಿಯ ಪಾನಕಕ್ಕೆ ಹಣ್ಣು ಕೊಡುವ ಆ ಬೇಲದ ಮರವೇ ಇಲ್ಲಿ ಬಣ್ಣವನ್ನೂ ಹಿಡಿದಿಡುತ್ತದೆ. ಇಂಗಳೀಕದಲ್ಲಿ ಪಾದರಸ, ಹರಿದಳದಲ್ಲಿ ಆರ್ಸೆನಿಕ್ ಇದೆ ಎನ್ನುವುದು ನನ್ನ ತಲೆಯಲ್ಲಿ ಸುಳಿಯಿತು. ನೈಸರ್ಗಿಕ ಬಣ್ಣ ಎಂದು ಬೀದಿಯುದ್ದಕ್ಕೂ ಕೇಳಿದ ಹೊಗಳಿಕೆಯಲ್ಲಿ ಈ ಸಂಗತಿ ಇರಲಿಲ್ಲ.

ಅಕ್ಕ ಕೈ ಚಾಚಿದಳು. ಅಜ್ಜಿ ಕಲ್ಲು ಕೊಟ್ಟರು. ನಾಲ್ಕು ಸಲ ತೀಡುವಷ್ಟರಲ್ಲಿ ಅಜ್ಜಿ ನಕ್ಕು, ಅವಳ ಮಣಿಕಟ್ಟು ಹಿಡಿದು, ಭುಜದಿಂದ ತೀಡಬೇಕೆಂದು ತೋರಿಸಿದರು. ಮೂವತ್ತು ವರ್ಷ ಮಕ್ಕಳ ಕೈ ತಿದ್ದಿದವಳ ಕೈಯನ್ನು ಒಬ್ಬರು ತಿದ್ದುವುದನ್ನು ಆ ದಿನ ನೋಡಿದೆ.

ಮಗ ಹೊರಗಿನಿಂದ ಬಂದರು. ಅವರೂ ಚಿತ್ರಕಾರರೇ. ಪುರಿಯ ದೊಡ್ಡ ದೇವಸ್ಥಾನದ ಅಣಸರದ ಕಥೆ ಹೇಳಿದರು. ಜ್ಯೇಷ್ಠ ಹುಣ್ಣಿಮೆಯಂದು 108 ಕೊಡ ನೀರು ಸುರಿಸಿಕೊಂಡ ದೇವರುಗಳಿಗೆ ಜ್ವರ ಬರುತ್ತದೆ, ಹದಿನೈದು ದಿನ ದರ್ಶನವಿಲ್ಲ. ಆಗ ಅವರ ಜಾಗದಲ್ಲಿ ಪೂಜೆ ಪಡೆಯುವುದು ಮೂರು ಪಟಗಳು. “ದೇವರಿಗೆ ಹುಷಾರಿಲ್ಲದಾಗ ನಮ್ಮ ಬಟ್ಟೆಯೇ ದೇವರು” ಎಂದು ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು. ಆಮೇಲೆ ಚಿತ್ರ ತೋರಿಸಲೇ ಎಂದು ಕೇಳಿದರು.

“ಇದು ಬೇಕು” ಎಂದಳು ಅಕ್ಕ, ತಾಯಿಯ ಮಡಿಲಲ್ಲಿದ್ದ ಖಾಲಿ ಪಟ ತೋರಿಸಿ.

“ಅದರಲ್ಲಿ ಏನೂ ಇಲ್ಲವಲ್ಲ ದೀದಿ.”

“ಗೊತ್ತಿದೆ. ನಾನೇ ಬರೆದುಕೊಳ್ಳುತ್ತೇನೆ.”

ಮಗ ತಬ್ಬಿಬ್ಬಾದರು. ಬರೆದ ಪಟದ ಬೆಲೆ ಅಂಗುಲಕ್ಕಿಷ್ಟೆಂದು ಗೊತ್ತು, ಬರೆಯದ್ದಕ್ಕೆ ಎಂದೂ ಬೆಲೆ ಕಟ್ಟಿದವರಲ್ಲ. ಸ್ವಲ್ಪ ಯೋಚಿಸಿ 200 ರೂಪಾಯಿ ಎಂದರು. ಅಜ್ಜಿ ತಲೆಯೆತ್ತದೆ ಒಡಿಯಾದಲ್ಲಿ ಏನೋ ಗದರಿದರು. ಮಗ ಕಿವಿ ಕೆರೆದುಕೊಂಡರು. “ಅಮ್ಮ 400 ಅನ್ನುತ್ತಿದ್ದಾಳೆ.”

ಚೌಕಾಶಿಯಿಲ್ಲದೆ ಕೊತ್ತಂಬರಿ ಸೊಪ್ಪನ್ನೂ ಕೊಳ್ಳದ ಅಕ್ಕ ನಾಲ್ಕು ನೋಟುಗಳನ್ನು ಎಣಿಸಿ ಅಜ್ಜಿಯ ಕೈಗೇ ಕೊಟ್ಟಳು. ಅಜ್ಜಿ ಅವನ್ನು ಮಗನ ಕಡೆ ಚಾಚಲಿಲ್ಲ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪಟವನ್ನು ಮಾತ್ರ ಕೊಡದೆ ಮತ್ತೆ ಮಡಿಲಿಗೆಳೆದುಕೊಂಡರು. ಒಂದು ಮೂಲೆ ಇನ್ನೂ ಒರಟಾಗಿತ್ತಂತೆ. ಆಟೋದವನು ಬೀದಿಯ ತುದಿಯಿಂದ ಹಾರನ್ ಮಾಡುತ್ತಿದ್ದ. ಕಲ್ಲು ಹೋಗಿ ಬರುವ ಸದ್ದು ಕೇಳುತ್ತ ನಾವು ಕೂತೇ ಇದ್ದೆವು.