ಅಪ್ಪನ ಅಂಬಾಸಿಡರ್‌ಗೆ ಅದರದೇ ಎಂಜಿನ್ ಸಿಕ್ಕಿತು

ನಮ್ಮ ಮನೆಯ ಅಂಬಾಸಿಡರ್ 1967ರ ಮಾರ್ಕ್ 2 ಮಾದರಿ. ಕೋಲ್ಕತ್ತಾ ಹತ್ತಿರದ ಉತ್ತರಪಾರಾದ ಕಾರ್ಖಾನೆಯಿಂದ ಬಂದಾಗ ಅದರಲ್ಲಿ ಇದ್ದದ್ದು 1489 ಸಿಸಿ ಪೆಟ್ರೋಲ್ ಎಂಜಿನ್. ಎಂಬತ್ತರ ದಶಕದಲ್ಲಿ ಪೆಟ್ರೋಲ್ ಖರ್ಚು ತಾಳಲಾರದೆ ಅಪ್ಪ ಅದನ್ನು ಇಳಿಸಿ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಆಗ ತುಂಬಾ ಜನ ಹಾಗೇ ಮಾಡುತ್ತಿದ್ದರು. ಗಾಡಿ ಚೆನ್ನಾಗೇ ಓಡಿತು. ಆದರೆ ಆ ಗಡಗಡ ಸದ್ದು ಅಂಬಾಸಿಡರ್‌ದಲ್ಲ, ನನಗೆ ಯಾವತ್ತೂ ಒಗ್ಗಲಿಲ್ಲ.

2021ರಲ್ಲಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ಬಂತು. ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಬದಲಾವಣೆ ಆಗಿರಬಾರದು ಅಂತ ಅದರಲ್ಲಿದೆ. ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ, ಅಪ್ಪ ಇಳಿಸಿದ ಆ ಹಳೇ ಎಂಜಿನ್ನನ್ನೇ ಹುಡುಕಲು ಹೊರಟೆ.

ಮೊದಲ ಸುಳಿವು ಹಳೇ ಆರ್‌ಸಿ ಪುಸ್ತಕದಲ್ಲೇ ಇತ್ತು. ಎಂಜಿನ್ ಬದಲಾದಾಗ ಆರ್‌ಟಿಒದವರು ಹಳೇ ಎಂಜಿನ್ ನಂಬರಿಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ ಹೊಸದನ್ನು ಬರೆದಿದ್ದರು. ಗೀಟಿನ ಕೆಳಗಿನ ಅಂಕಿಗಳು ಇನ್ನೂ ಸ್ಪಷ್ಟ. ಹಳೇ ಗಾಡಿ ಇಟ್ಟುಕೊಂಡವರು ಆ ಪುಸ್ತಕವನ್ನು ಯಾವತ್ತೂ ಬಿಸಾಡಬೇಡಿ.

ಎಂಜಿನ್ ಇಳಿಸಿದ್ದು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ. ಅಲ್ಲಿ ಆಗ ಹುಡುಗನಾಗಿದ್ದ ಮೇಸ್ತ್ರಿಗೆ ಈಗ ಎಪ್ಪತ್ತರ ಹತ್ತಿರ. ‘ಪೆಟ್ರೋಲ್ ಎಂಜಿನ್ ಆಗ ಯಾರಿಗೆ ಬೇಕಿತ್ತು ತಮ್ಮಾ? ಗುಜರಿಯವನು ತೂಕಕ್ಕೆ ಕೇಳ್ತಿದ್ದ. ನಮ್ಮ ಯಜಮಾನ್ರು ಕೊಡ್ಲಿಲ್ಲ, ಐಟಿಐಗೆ ಕಳಿಸಿದ್ರು, ಹುಡುಗ್ರು ಕಲೀಲಿ ಅಂತ’ ಎಂದರು. ಆ ಯಜಮಾನರು ಈಗಿಲ್ಲ. ಅವರ ಋಣ ನನ್ನ ಮೇಲಿದೆ.

ಆ ಖಾಸಗಿ ಐಟಿಐನ ಸ್ಟಾಕ್ ರಿಜಿಸ್ಟರಿನಲ್ಲಿ ‘ಅಂಬಾಸಿಡರ್ ಎಂಜಿನ್, 1’ ಅಂತ ಮಾತ್ರ ಇತ್ತು, ನಂಬರ್ ಇರಲಿಲ್ಲ. ವರ್ಕ್‌ಶಾಪಿನ ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಅದು ಕೂತಿತ್ತು. ಬ್ಯಾಚಿನ ಮೇಲೆ ಬ್ಯಾಚು ಬಿಚ್ಚಿ ಜೋಡಿಸಿ, ನಟ್ಟುಗಳ ಮೂಲೆಗಳೆಲ್ಲ ಸವೆದು ಉರುಟಾಗಿದ್ದವು. ಮೈತುಂಬ ಪದರ ಪದರ ಬಣ್ಣ: ಮೇಲೆ ಸಿಲ್ವರ್, ಕೆಳಗೆ ಹಸಿರು, ಅದರಡಿ ಕೆಂಪು. ನಂಬರ್ ಇರುವ ಜಾಗವನ್ನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ವೈರ್ ಬ್ರಷ್ ಹಾಕಿ, ಮೇಲೆ ಸೀಮೆಸುಣ್ಣ ತಿಕ್ಕಿದೆ. ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದವು. ಪಕ್ಕದಲ್ಲಿ ಆರ್‌ಸಿ ಪುಸ್ತಕ ಹಿಡಿದು ನಿಂತಿದ್ದ ಮೇಸ್ತ್ರಿ ಜೋರಾಗಿ ಓದಿದರು. ಕೊನೆಯ ಅಂಕಿಯವರೆಗೂ ಅದೇ! ನನಗೆ ಮಾತೇ ಹೊರಡಲಿಲ್ಲ.

ಪ್ರಿನ್ಸಿಪಾಲರು ದುಡ್ಡು ಬೇಡ ಎಂದರು, ಬದಲಿಗೆ ಮಾರುತಿ 800ರ ಎಂಜಿನ್ ಕೇಳಿದರು. ಈಗಿನ ಮಕ್ಕಳಿಗೆ ಅದೇ ಉಪಯೋಗ ಜಾಸ್ತಿ, ಅಲ್ವಾ? ಸಂತೋಷದಿಂದ ಕೊಟ್ಟೆ.

ವರ್ಷಗಟ್ಟಲೆ ಸ್ಟಾರ್ಟ್ ಆಗದೇ ಇದ್ದದ್ದರಿಂದ ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಅಷ್ಟಾಗಿ ಸವೆದಿಲ್ಲ. ಪಿಸ್ಟನ್‌ಗಳು ತಿರುಗಿಸುವ ದಂಡ, ಕ್ರ್ಯಾಂಕ್, ಕೈಯಲ್ಲೇ ತಿರುಗುತ್ತದೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಈಗ ಲೇತ್ ಅಂಗಡಿಯಲ್ಲಿದೆ, ವಾಲ್ವ್‌ಗಳು ಕೂರುವ ಸೀಟಿನ ಕೆಲಸ ನಡೀತಿದೆ. ಡೈನಮೋ ಮತ್ತು ಏರ್ ಕ್ಲೀನರ್ ಮಾತ್ರ ಇಲ್ಲ. ಮಾರ್ಕ್ 2ರದ್ದು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ, ಎಲ್ಲಿದ್ದರೂ ಬಂದು ತಗೊಂಡು ಹೋಗುತ್ತೇನೆ.